ಹನ್ನೊಂದು ‘ಸ್ಲೋ ಫೆರ್ರಿ’

ಮಾರ್ಚ್ 11, ಸೋಮವಾರ

ಹೊಸ ನೋಟುಪುಸ್ತಕ. ಹಿಂದಿನ ಹದಿನಾಲ್ಕರ ಹಾಗೆ ಇದೂ ರೆಕಾರ್ಡುಗಳನ್ನು ಕೇಳಿ ಟಿಪ್ಪಣಿ ಮಾಡುವುದಕ್ಕೆ ಮಾತ್ರ. ಮನೆಯ ವಿಷಯ ಇದರಲ್ಲಿ ಬರಕೂಡದು.

ಆದರೆ ಈ ಪುಸ್ತಕ ಯಾಕೆ ಶುರುವಾಯಿತೆಂದು ಬರೆಯಬೇಕಾದರೆ ಮನೆಯ ವಿಷಯ ಒಂದನ್ನು ಬರೆಯದೆ ವಿಧಿಯಿಲ್ಲ. ನನ್ನ ಹೆಂಡತಿ ಮಾರ್ಲಿಸ್ ಮನೆ ಬದಲಾಯಿಸುತ್ತಿದ್ದಾಳೆ. ಅವಳು ‘ನಾವು’ ಎನ್ನುತ್ತಾಳೆ. ಡುಲೂತ್‌ನ ಈ ಗುಡ್ಡದ ಮನೆಗೆ ಬೀದಿಯಿಂದ ಮೂವತ್ತೆಂಟು ಮೆಟ್ಟಿಲು. ಅವಳ ಮಂಡಿಗೆ ಎರಡು ಸಲ ಆಪರೇಷನ್ ಆಗಿದೆ. ಹಾಗಾಗಿ ಕೆಳಗೆ ಸರೋವರದ ದಡದಲ್ಲಿ ಲಿಫ್ಟ್ ಇರುವ ಫ್ಲಾಟ್ ಒಂದಕ್ಕೆ ಸಹಿ ಹಾಕಿ ಬಂದಿದ್ದಾಳೆ. ಅಲ್ಲಿ ನನ್ನ ರೆಕಾರ್ಡುಗಳಿಗೆ ಆರು ಅಡಿಯ ಒಂದು ಕಪಾಟು. ಇವತ್ತು ನೆಲಮಾಳಿಗೆಗೆ ಇಳಿದು ಬಂದು ಆರು ಅಡಿ ಎಂದರೆ ಎಷ್ಟೆಂದು ಟೇಪು ಹಿಡಿದು ತೋರಿಸಿದಳು.

“ಒಂದು ಆಲ್ಬಮ್‌ಗೆ ಒಂದೇ ಪ್ರತಿ, ಆರ್ವಿಡ್. ಒಂದೇ.”

“ಒಂದೊಂದು ಅಚ್ಚೂ ಒಂದೊಂದು ಥರ ಕೇಳುತ್ತೆ ಮಾರ್ಲಿಸ್.”

“ಕೇಳಲಿ ಬಿಡು. ಒಂದನ್ನ ಆರಿಸು. ಮೇ ಹದಿನೈದರೊಳಗೆ ಆರಿಸಿದೆಯೋ, ಇಬ್ಬರೂ ಹೋಗೋಣ. ಇಲ್ವೋ, ನಾನು ನನ್ನ ಕುರ್ಚಿ, ಕೆಟಲ್ ತಗೊಂಡು ಹೊರಟೆ. ನೀನು ಇಲ್ಲೇ ನಿನ್ನ ಹನ್ನೊಂದು ಜನರ ಜೊತೆ ಸಂಸಾರ ಮಾಡ್ಕೊಂಡಿರು.”

ಹನ್ನೊಂದು ಎಂದರೆ ಪೇಟನ್ ಮತ್ತು ರೂಕ್ ಎಂಬ ಹಾಡುಗಾರ ಜೋಡಿಯ ‘ಸ್ಲೋ ಫೆರ್ರಿ’ ಆಲ್ಬಮ್, 1976. ಮೆದು ರಾಕ್‌ನಲ್ಲಿ ಅದಕ್ಕಿಂತ ಚೆನ್ನಾಗಿ ಧ್ವನಿಮುದ್ರಣವಾದ ಆಲ್ಬಮ್ ಇಲ್ಲ. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲದ ಹನ್ನೊಂದು ಪ್ರತಿಗಳು ನನ್ನಲ್ಲಿವೆ. ಅಡುಗೆಮನೆಯಲ್ಲಿ ಇನ್ನೊಂದಿದೆ, ಆಗೆಲ್ಲ ತಿಂಗಳಿಗೊಂದು ರೆಕಾರ್ಡು ಅಂಚೆಯಲ್ಲಿ ಕಳಿಸುತ್ತಿದ್ದ ಕ್ಲಬ್ಬಿನದು. ಅಗ್ಗದ ಅಚ್ಚು. ಅದು ಲೆಕ್ಕಕ್ಕಿಲ್ಲ.

ಮಾರ್ಲಿಸ್ ಹೇಳಿದ್ದನ್ನು ಮಾಡುವವಳು. 1988ರ ಕ್ರಿಸ್‌ಮಸ್‌ನಲ್ಲಿ “ಇನ್ನು ಈ ಮನೆಯಲ್ಲಿ ಲೂಟಫಿಸ್ಕ್ ಮೀನು ಬೇಯಲ್ಲ” ಎಂದಳು. ಆಮೇಲೆ ಬೆಂದಿಲ್ಲ.

ಮಾರ್ಚ್ 14, ಗುರುವಾರ

ಕೆಲಸ ಶುರು. ‘ಸ್ಲೋ ಫೆರ್ರಿ’ಯ ಯಾವ ಅಚ್ಚು ಒಳ್ಳೆಯದೆಂದು ತಿಳಿಯಲು ಇಡೀ ಆಲ್ಬಮ್ ಕೇಳಬೇಕಾಗಿಲ್ಲ. ಎರಡನೇ ಬದಿಯ ಕೊನೆಯ ಹಾಡಿನ ಕೊನೆಯ ಹನ್ನೆರಡು ಸೆಕೆಂಡು ಸಾಕು. ಗಿಟಾರು ನಿಂತ ಮೇಲೆ ಯಾರೋ ಉಕ್ಕಿನ ತ್ರಿಕೋಣ ವಾದ್ಯವನ್ನು ಮೂರು ಸಲ ತಟ್ಟುತ್ತಾರೆ. ಮೊದಲನೆಯ ಟಿಂಗ್ ಎಲ್ಲ ಅಚ್ಚಿನಲ್ಲೂ ಕೇಳುತ್ತದೆ. ಎರಡನೆಯದು ಒಳ್ಳೆಯ ಅಚ್ಚಿನಲ್ಲಿ ಮಾತ್ರ. ಮೂರನೆಯದು ಬರೀ ಗಾಳಿಯಷ್ಟು. ಅದೂ ಕೇಳಿಸಿದರೆ ಆ ರೆಕಾರ್ಡು ತಟ್ಟೆಯನ್ನು ಯಾರಿಗೂ ಕೊಡಬಾರದು.

ಈ ಪರೀಕ್ಷೆ ಕಂಡುಹಿಡಿದವನು ನಾನೇ. ಪೇಟೆಯಲ್ಲಿ ಹಳೆ ರೆಕಾರ್ಡಿನ ಅಂಗಡಿ ಇಟ್ಟಿರುವ ವರ್ಲಿನ್ ಇದಕ್ಕೆ ‘ಆರ್ವಿಡ್ ಮೂರು’ ಎಂದು ಹೆಸರಿಟ್ಟಿದ್ದಾನೆ. ಮೊದಲೆಲ್ಲ ಅವನು ಫೋನನ್ನು ಸ್ಪೀಕರಿನ ಮುಂದೆ ಹಿಡಿದು “ಇದು ಯಾವ ಅಚ್ಚು ಹೇಳೋ” ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರಂತೆ. ಬಂಗಾರದ ಕಿವಿ ಎಂದು ಊರಲ್ಲಿ ಹೆಸರು. ಬಂದರಿನ ಅದಿರು ಧಕ್ಕೆಯಲ್ಲಿ ಮೂವತ್ನಾಲ್ಕು ವರ್ಷ ಹಡಗಿಗೆ ಅದಿರು ಸುರಿಸಿದವನಿಗೆ ಇಂಥ ಕಿವಿ ಉಳಿದದ್ದು ಹೇಗೆ ಎಂದು ಕೇಳುವವರಿಗೆ, ಕಿವಿಗೆ ಹಾಕುವ ಮುಚ್ಚಳ ತಪ್ಪದೆ ಹಾಕುತ್ತಿದ್ದೆ ಎನ್ನುತ್ತೇನೆ. ಮೇಸ್ತ್ರಿ ಬಂದಾಗ ಹಾಕುತ್ತಿದ್ದೆ.

ಇವತ್ತು ಎಂಟು ಪ್ರತಿಗಳನ್ನು ಕಣ್ಣಳತೆಯಲ್ಲೇ ತೆಗೆದುಹಾಕಿದೆ. ಕೆನಡಾದ್ದು ಸೊಟ್ಟ. ಹಾಲೆಂಡಿನದರ ಮೇಲೆ ಯಾರದೋ ಜಾಮ್ ಮೆತ್ತಿದ ಬೆರಳು. ನ್ಯೂಜಿಲೆಂಡಿನದನ್ನು ಯಾಕೆ ತರಿಸಿದೆನೋ ನನಗೇ ಗೊತ್ತಿಲ್ಲ. ಉಳಿದದ್ದು ಮೂರು: ಲಾಸ್ ಏಂಜಲೀಸ್‌ನ ಮೊದಲ ಅಚ್ಚು (ಲೇಬಲ್ಲಿನ ಪಕ್ಕದ ನುಣುಪು ಜಾಗದಲ್ಲಿ ಪುಟ್ಟ ಲಂಗರು ಕೊರೆದಿದೆ, ಅದೇ ಗುರುತು), ಜಪಾನಿನದು, ಮತ್ತು ಮೊನ್ನೆ ಮೊನ್ನೆ ಬಂದ ದಪ್ಪ ಮರುಅಚ್ಚು.

ಮೂರರಲ್ಲಿ ಒಂದು. ಒಂದು ವಾರದ ಕೆಲಸ.

ಮಾರ್ಚ್ 19, ಮಂಗಳವಾರ

ಲಾಸ್ ಏಂಜಲೀಸ್ ಅಚ್ಚು. ಟಿಂಗ್: ಸೊನ್ನೆ.

ಹದಿಮೂರನೇ ಪುಸ್ತಕ ತೆಗೆದು ನೋಡಿದೆ. ಇದೇ ತಟ್ಟೆಗೆ ಮೂರು ಎಂದು ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಪ್ಲೇಯರಿನ ಮುಳ್ಳು ಸವೆದಿದೆ. ಹೊಸದಕ್ಕೆ ಹೇಳಿ ಕಳಿಸಿದೆ.

ಮಾರ್ಚ್ 26, ಮಂಗಳವಾರ

ಹೊಸ ಮುಳ್ಳು ಬಂತು. ಅದೂ ಸರಿಯಿಲ್ಲ. ಈಗಿನವರು ಮುಳ್ಳು ಮಾಡುವುದನ್ನೇ ಮರೆತಿದ್ದಾರೆ. ಪೇಟನ್ ಕಂಬಳಿ ಹೊದ್ದುಕೊಂಡು ಹಾಡುತ್ತಿರುವ ಹಾಗೆ ಕೇಳುತ್ತದೆ. ವೈರು ಬದಲಾಯಿಸಿದೆ. ನೆಲದ ರತ್ನಗಂಬಳಿ ಎತ್ತಿ ನೋಡಿದೆ. ಫ್ರಿಜ್ಜಿನಿಂದ ಕರೆಂಟು ಕೆಡುತ್ತಿದೆಯೇನೋ ಎಂದು ಮೇಲೆ ಹೋಗಿ ಅದನ್ನು ಆರಿಸಿದೆ. ಮತ್ತೆ ಹಾಕಲು ಮರೆತೆ. ಹಾಲಿನ ಬಗ್ಗೆ ಮಾರ್ಲಿಸ್ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಕೆಟಲ್ ಕೂಡ ಕೆಟ್ಟಿದೆ. ಸಿಳ್ಳೆ ಹಾಕುತ್ತಿಲ್ಲ. ನೀರು ಆರಿ ತಳ ಸುಟ್ಟು ಹೊಗೆ ನೆಲಮಾಳಿಗೆಗೆ ಇಳಿಯಿತು. ಹೊಗೆಯಿಂದ ಕೇಳುವ ಕೆಲಸ ಕೆಟ್ಟಿತಾದ್ದರಿಂದ ಬರೆದಿದ್ದೇನೆ, ಇದು ಮನೆಯ ವಿಷಯವಲ್ಲ.

ಏಪ್ರಿಲ್ 2, ಮಂಗಳವಾರ

ಹಿತ್ತಲಿನ ಕಾಡುಸೇಬಿನ ಮರಕ್ಕೆ ಈ ವರ್ಷ ವ್ಯಾಕ್ಸ್‌ವಿಂಗ್ ಹಕ್ಕಿಗಳು ಬಂದಿಲ್ಲ. ಪ್ರತಿ ವರ್ಷ ಹಿಮ ಕರಗುವ ಹೊತ್ತಿಗೆ ಬಂದು, ಒಣಗಿ ಉಳಿದ ಹಣ್ಣು ತಿನ್ನುತ್ತಾ ಸಣ್ಣ ದನಿಯಲ್ಲಿ ಕಿಚಿಗುಟ್ಟುತ್ತಿದ್ದವು. ಬೆಳಗ್ಗೆ ನೆಲಮಾಳಿಗೆಯ ಕಿಂಡಿ ತೆರೆದು ಕಾಲು ಗಂಟೆ ಕಿವಿಗೊಟ್ಟು ನಿಂತೆ. ಒಂದೂ ಇಲ್ಲ. ಪತ್ರಿಕೆಗೆ ಕಾಗದ ಬರೆದೆ: ‘ನಮ್ಮ ಹಕ್ಕಿಗಳು ಎಲ್ಲಿ ಹೋದವು?’ ಇದು ಊರಿನ ವಿಷಯ.

ವರ್ಲಿನ್ ಫೋನಿನಲ್ಲಿ, “ಲೋ, ಒಂದ್ಸಲ ಕಿವಿ ತೋರಿಸ್ಕೊಂಡು ಬರಬಾರದಾ?” ಎಂದ. ಇವತ್ತೇ ಬಂದರಿಗೆ ಈ ವರ್ಷದ ಮೊದಲ ಹಡಗು ಬಂತು. ಎರಡು ಮೈಲಿ ದೂರದಿಂದ ಅದರ ಕೊಂಬು ಎದೆಯೊಳಗೇ ಕೇಳಿಸಿತು. ಹಾಗೆಂದು ವರ್ಲಿನ್‌ಗೆ ಹೇಳಿದೆ. ಅವನು ಮಾತು ಬದಲಾಯಿಸಿದ.

ಏಪ್ರಿಲ್ 6, ಶನಿವಾರ

ಗೆದ್ದೆ. ಅಥವಾ ಗೆದ್ದಂತೆಯೇ. ದಪ್ಪ ಮರುಅಚ್ಚಿನಲ್ಲಿ ಒಂದು ಟಿಂಗ್ ಸ್ಪಷ್ಟವಾಗಿ ಸಿಕ್ಕಿತು. ಧ್ವನಿಯ ಗುಂಡಿಯನ್ನು ಸ್ವಲ್ಪ ಮುಂದಕ್ಕೆ ತಿರುಗಿಸಬೇಕಾಯಿತು, ಅಷ್ಟೇ. ಮಾಮೂಲಿ ಗುರುತು ನಾಲ್ಕರ ಹತ್ತಿರ, ಕೆಂಪು ಪೆನ್ಸಿಲ್ಲಿನಲ್ಲಿ. ಇವತ್ತು ಒಂಬತ್ತು.

ವರ್ಲಿನ್ ಅಂಗಡಿಗೆ ಹೋಗಿ ಹೇಳಿದೆ. ಅವನು ಕನ್ನಡಕ ತೆಗೆದು ನನ್ನನ್ನೇ ನೋಡಿದ.

“ದಪ್ಪದ್ದಾ? ಅದನ್ನ ಕೇಳಿದ್ರೆ ಹಲ್ಲು ಜುಮ್ ಅನ್ನುತ್ತೆ ಅಂತ ನೀನೇ ಅಲ್ವೇನೋ ಹೇಳಿದ್ದು? ತಗಡು ಕೆರೆದ ಹಾಗಿದೆ, ಕೊಂಡವರಿಗೆ ದುಡ್ಡು ವಾಪಸ್ ಕೊಡು ಅಂತ ನನ್ನ ಗಿರಾಕಿಗಳ ಮುಂದೆ ಬೈದೆಯಲ್ಲಾ!”

“ಆಗ ಅದಕ್ಕೆ ವಯಸ್ಸಾಗಿರಲಿಲ್ಲ. ಈಗ ಹದ ಬಂದಿದೆ.”

“ಪ್ಲಾಸ್ಟಿಕ್ ಕಣೋ ಅದು. ಉಪ್ಪಿನಕಾಯಿ ಅಲ್ಲ.”

ಅವನಿಗೆ ಈಚೆಗೆ ವ್ಯಾಪಾರ ಕಡಿಮೆ, ಮನಸ್ಸು ಸರಿಯಿಲ್ಲ.

ಏಪ್ರಿಲ್ 9, ಮಂಗಳವಾರ

ಮಾರ್ಲಿಸ್ ಈಚೆಗೆ ಬಾಯೊಳಗೇ ಮಾತಾಡುತ್ತಾಳೆ. ಮುನಿಸಿರಬೇಕು. ನಾನೂ ಕೇಳಲು ಹೋಗಲಿಲ್ಲ.

ಏಪ್ರಿಲ್ 15, ಸೋಮವಾರ

ನನ್ನ ಕಾಗದ ಅಚ್ಚಾಗಿದೆ. ಕೆಳಗೆ ಮೂವರ ಉತ್ತರವೂ ಇದೆ. ತಮ್ಮ ತಮ್ಮ ಮರಗಳಲ್ಲಿ ವ್ಯಾಕ್ಸ್‌ವಿಂಗ್‌ಗಳು ತುಂಬಿಹೋಗಿ ನಿದ್ದೆಗೆಡಿಸುತ್ತಿವೆ ಎಂದು ಮೂವರೂ ಬರೆದಿದ್ದಾರೆ. ಅವರಲ್ಲಿ ಒಬ್ಬಾಕೆ ನಮ್ಮ ಬೀದಿಯವಳು. ನೆರೆಯವರ ಮರಕ್ಕೆ ಬಂದು ನಮ್ಮದಕ್ಕೆ ಬರುವುದಿಲ್ಲವೆಂದರೆ ನಮ್ಮ ಮರಕ್ಕೇ ಏನೋ ಆಗಿದೆ.

ಮಾರ್ಲಿಸ್ ಹದಿನೇಳು ಪೆಟ್ಟಿಗೆ ಕಟ್ಟಿದ್ದಾಳೆ. ಒಂದೊಂದರ ಮೇಲೂ ‘ಮಾ’ ಎಂದು ಬರೆದಿದ್ದಾಳೆ. ‘ಆ’ ಎಂದು ಬರೆದ ಪೆಟ್ಟಿಗೆ ಇನ್ನೂ ಇಲ್ಲ. ಪೆಟ್ಟಿಗೆಗಳನ್ನು ನೆಲಮಾಳಿಗೆಯ ಮೆಟ್ಟಿಲಿನ ತಲೆಯಲ್ಲೇ ಜೋಡಿಸಿದ್ದಾಳೆ. ನಾನು ಹೋಗಿ ಬರುವಾಗೆಲ್ಲ ಅಡ್ಡಡ್ಡ ನಡೆಯಬೇಕು. ಬೇಕೆಂದೇ ಇಟ್ಟದ್ದು.

“ಒಂದು ತಿಂಗಳು ಉಳೀತು” ಎಂದಳು. ಇದನ್ನು ಮಾತ್ರ ಎದುರಿಗೆ ನಿಂತು, ಬಿಡಿಸಿ ಬಿಡಿಸಿ ಹೇಳಿದಳು.

ಅವಳಿಲ್ಲದೆ ಈ ಮನೆ ಹೇಗಿರುತ್ತದೆಂದು ಒಂದು ನಿಮಿಷ ಯೋಚಿಸಿದೆ. ಆಮೇಲೆ ಜಪಾನಿನ ಅಚ್ಚು ಹಾಕಿದೆ. ಸೊನ್ನೆ.

ಏಪ್ರಿಲ್ 20, ಶನಿವಾರ

ಇವತ್ತು ಕೇಳಲಿಲ್ಲ. ಮನಸ್ಸಿರಲಿಲ್ಲ.

ಏಪ್ರಿಲ್ 27, ಶನಿವಾರ

ಇವತ್ತು ಕಣ್ಣು ಕಟ್ಟಿಕೊಂಡು ಕೇಳುವ ಪರೀಕ್ಷೆ. ರೆಕಾರ್ಡು ಕೂಡಿಡುವ ನಮ್ಮಂಥವರಲ್ಲಿ ದೊಡ್ಡ ತೀರ್ಮಾನಗಳೆಲ್ಲ ಹೀಗೇ ಆಗುವುದು. ಯಾವ ಅಚ್ಚು ತಿರುಗುತ್ತಿದೆಯೆಂದು ಕೇಳುವವನಿಗೆ ಗೊತ್ತಾಗಬಾರದು. ತಟ್ಟೆ ಬದಲಾಯಿಸುವವರು ತುಟಿ ಬಿಚ್ಚಬಾರದು. ಸಾಕ್ಷಿಗೆ ಒಬ್ಬರು ಇರಬೇಕು. ಸಾಕ್ಷಿ ವರ್ಲಿನ್. ಬದಲಾಯಿಸಲು ಅವನೇ ಸಾಕಿತ್ತು, ಆದರೆ ಮಾರ್ಲಿಸ್ ತಾನಾಗಿ ಮಂಡಿ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬಂದಳು. “ಇವತ್ತಿಗೆ ಈ ಗೋಳು ಮುಗೀಲಿ. ನಾನೇ ಹಾಕ್ತೀನಿ” ಎಂದಳು.

ಬೆಳಗ್ಗೆಯೇ ಮೂರೂ ತಟ್ಟೆಗಳನ್ನು ಒರೆಸಿ, ಒಳಚೀಲಕ್ಕೆ ಹಾಕಿ, ಸಾಲಾಗಿ ಇಟ್ಟಿದ್ದೆ. ವರ್ಲಿನ್ ಧ್ವನಿಯ ಗುಂಡಿಯನ್ನು ಕೆಂಪು ಗುರುತಿಗೆ ತಂದ. “ಇದು ಸಾಲದು” ಎಂದೆ. “ನಿನ್ನದೇ ಗುರುತು, ನಿನ್ನದೇ ನಿಯಮ” ಎಂದ. ನಾನು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ.

ಮೂರು ಸಲ ಕೊನೆಯ ಹಾಡು ಬಂತು. ಮೂರು ಸಲವೂ ಒಂದೇ ಥರ. ಗಿಟಾರು ನಿಂತಿತು, ಆಮೇಲೆ ಏನೂ ಇಲ್ಲ. ಮೊದಲನೆಯದಕ್ಕೂ ಮೂರನೆಯದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಮೂರು ದೇಶದ ಮೂರು ಅಚ್ಚು ಹೀಗಿರಲು ಸಾಧ್ಯವೇ ಇಲ್ಲ. ನಾನು ಟವೆಲ್ ಕಿತ್ತೆ.

“ಮಾರ್ಲಿಸ್, ನೀನು ಒಂದನ್ನೇ ಮೂರು ಸಲ ಹಾಕಿದ್ದೀಯ.”

ಅವಳು ನನ್ನನ್ನು ನೋಡಿದಳು. ವರ್ಲಿನ್ ಬಾಯಿ ತೆರೆದ. ಅವಳು ಅವನ ಕಡೆ ತಿರುಗಿ ಏನೋ ಸನ್ನೆ ಮಾಡಿದಂತಾಯಿತು. ಅವನು ಬಾಯಿ ಮುಚ್ಚಿ ರತ್ನಗಂಬಳಿಯನ್ನು ನೋಡತೊಡಗಿದ.

“ಹೌದು” ಎಂದಳು. “ಒಂದನ್ನೇ ಹಾಕ್ದೆ. ಎದ್ದು ಕೂತು ಮಾಡೋಕೆ ಮಂಡಿ ನೋವು. ಬೇಜಾರಾಯ್ತು.”

“ನನಗೆ ಗೊತ್ತಾಗಲ್ಲ ಅಂದ್ಕೊಂಡೆಯಾ?”

“ಗೊತ್ತಾಯ್ತಲ್ಲ” ಎಂದಳು.

ಸಿಟ್ಟು ಬಂದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ನನ್ನ ಕಿವಿಗೆ ಮೋಸ ಮಾಡಲು ಇನ್ನೂ ಯಾರಿಂದಲೂ ಆಗುವುದಿಲ್ಲ. ಪರೀಕ್ಷೆ ರದ್ದು. ವರ್ಲಿನ್ ಮಾರ್ಲಿಸ್ ಮಾಡಿಟ್ಟಿದ್ದ ನಿಂಬೆ ಕೇಕನ್ನೂ ಮುಟ್ಟದೆ ಹೊರಟುಹೋದ. ಅವನು ಕೇಕ್ ಬಿಟ್ಟು ಹೋದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಏಪ್ರಿಲ್ 28, ಭಾನುವಾರ

ಚರ್ಚಿನಲ್ಲಿ ಮಾರ್ಲಿಸ್ ಎಂದಿನಂತೆ ನನ್ನ ಎಡಕ್ಕೆ ಕೂರದೆ ಬಲಕ್ಕೆ ಕೂತಳು. ಆ ಕಡೆಯಿಂದ ಅವಳು ಹೇಳಿದ್ದು ಸ್ವಲ್ಪ ತಿಳಿಯಿತು. ಅವಳು ಬಹಳ ದಿನದಿಂದ ಬಲಕ್ಕೇ ಕೂರುತ್ತಿದ್ದಾಳೆಂದು ಆಮೇಲೆ ಹೊಳೆಯಿತು.

ಮೇ 4, ಶನಿವಾರ

ತಿರಸ್ಕರಿಸಿದ ಎಂಟನ್ನು ವರ್ಲಿನ್‌ಗೆ ಕೊಡಲು ಪೆಟ್ಟಿಗೆಗೆ ತುಂಬುತ್ತಿದ್ದೆ. ಉಳಿದ ಮೂರನ್ನೂ ಒಮ್ಮೆ ತೆರೆದು ನೋಡಿದೆ.

ಒಂದು ವಿಷಯ ಬರೆದಿಡಬೇಕು. ರೆಕಾರ್ಡಿನ ಒಳಚೀಲದ ಬಾಯಿ ಯಾವಾಗಲೂ ಮೇಲಕ್ಕೆ ಇರಬೇಕು. ಹೊರಕವರಿನ ಬಾಯಿ ಪಕ್ಕಕ್ಕೆ, ಚೀಲದ ಬಾಯಿ ಮೇಲಕ್ಕೆ. ಹಾಗಿದ್ದರೆ ದೂಳು ಹೋಗುವುದಿಲ್ಲ, ತಟ್ಟೆ ಜಾರಿ ಬೀಳುವುದಿಲ್ಲ. ನಲವತ್ತು ವರ್ಷದಿಂದ ಹಾಗೆ ಇಡುತ್ತಿದ್ದೇನೆ. ಪರೀಕ್ಷೆಯ ಬೆಳಗ್ಗೆ ಮೂರನ್ನೂ ಹಾಗೆಯೇ ಇಟ್ಟಿದ್ದೆ. ಅಂದಿನಿಂದ ಮುಟ್ಟಿಲ್ಲ.

ಇವತ್ತು ಮೂರರ ಚೀಲದ ಬಾಯಿಯೂ ಪಕ್ಕಕ್ಕಿತ್ತು. ಈ ಮನೆಯಲ್ಲಿ ಹಾಗೆ ಇಡುವವಳು ಒಬ್ಬಳೇ. ನಲವತ್ತು ವರ್ಷ ಹೇಳಿಕೊಟ್ಟರೂ ಕಲಿಯಲಿಲ್ಲ.

ಒಂದನ್ನೇ ಮೂರು ಸಲ ಹಾಕಿದವಳು ಮೂರನ್ನೂ ಯಾಕೆ ತೆಗೆದಳು?

ಮೇ 5, ಭಾನುವಾರ

ಅಂಗಡಿ ಮುಚ್ಚಿತ್ತು. ವರ್ಲಿನ್ ಮನೆಗೇ ಹೋದೆ. ಅವನು ಹಿತ್ತಲಿನಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದ.

“ಅವತ್ತು ಅವಳು ಎಷ್ಟು ತಟ್ಟೆ ಹಾಕಿದಳು?”

ಅವನು ಬ್ರಷ್ ಅದ್ದಿದ. ಬಳಿದ. ಮತ್ತೆ ಅದ್ದಿದ.

“ಸಾಕ್ಷಿ ನೀನು ವರ್ಲಿನ್. ಹೇಳು.”

“ಮೂರು” ಎಂದ. “ಮೊದಲು ಜಪಾನಿಂದು, ಆಮೇಲೆ ದಪ್ಪದ್ದು, ಕೊನೆಗೆ ಲಂಗರಿಂದು. ಲಂಗರಿನಲ್ಲಿ ಮೂರು ಟಿಂಗೂ ಬಂತು ಕಣೋ. ಏನ್ ಚೆನ್ನಾಗಿತ್ತು ಅಂತೀಯಾ. ಮೈ ಜುಮ್ಮಂತು.”

“ಮತ್ಯಾಕೆ ಸುಮ್ಮನಿದ್ದೆ?”

“ನಿನ್ನ ಹೆಂಡತಿ ಸುಮ್ನಿರು ಅಂತ ಸನ್ನೆ ಮಾಡಿದ್ಲು. ಅವಳೇ ತಪ್ಪು ತನ್ನ ಮೇಲೆ ಹಾಕ್ಕೊಂಡ ಮೇಲೆ ನಾನ್ಯಾರು ಮಾರಾಯ ಬಾಯಿ ಬಿಡೋಕೆ?”

ದೋಣಿಯ ಬಣ್ಣ ಹಸಿರು. ಒಂದು ಪಕ್ಕ ಪೂರಾ ಒಣಗುವವರೆಗೂ ನಾನು ಅಲ್ಲೇ ನಿಂತಿದ್ದೆ. ನಾಚಿಕೆಯಾಯಿತು. ಅವಳನ್ನು ಇನ್ನೊಬ್ಬರೆದುರು ಮೋಸಗಾತಿ ಎಂದೆ, ಅವಳು ಹೌದು ಎಂದಳು.

ಮೇ 7, ಮಂಗಳವಾರ

ಕೆಟಲ್‌ಗೆ ನೀರು ತುಂಬಿ ಒಲೆಯ ಮೇಲಿಟ್ಟು ಎದುರಿಗೇ ನಿಂತೆ. ಹೊಸ ಕೆಟಲ್. ಉಗಿ ಬರತೊಡಗಿತು. ಮೊದಲು ತೆಳ್ಳಗೆ, ಆಮೇಲೆ ರಭಸವಾಗಿ. ಸದ್ದಿಲ್ಲ. ಇನ್ನೂ ನಿಂತೆ. ಉಗಿ ಕಿಟಕಿಯ ಗಾಜಿಗೆಲ್ಲ ಕೂತಿತು.

ಮಾರ್ಲಿಸ್ ಮಹಡಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಕಟಕಟೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು, ನೋಯುವ ಕಾಲನ್ನು ಮೊದಲು ಇಟ್ಟು, ಇಳಿದು ಬಂದಳು. ನನ್ನನ್ನು ದಾಟಿ ಹೋಗಿ ಒಲೆ ಆರಿಸಿದಳು.

“ಎದುರಿಗೇ ನಿಂತಿದ್ದೀಯಲ್ಲ ಆರ್ವಿಡ್” ಎಂದಳು. ಅವಳ ಬಾಯಿ ನೋಡುತ್ತಿದ್ದೆನಾದ್ದರಿಂದ ಗೊತ್ತಾಯಿತು.

ಅವಳು ಇಷ್ಟು ದಿನ ಹೀಗೆ ಎಷ್ಟು ಸಲ ಇಳಿದಿರಬಹುದು? ಲೆಕ್ಕ ಹಾಕಲು ಕೂತೆ. ದಿನಕ್ಕೆ ಎರಡು ಸಲ ಕಾಫಿ. ಲೆಕ್ಕವನ್ನು ಅರ್ಧಕ್ಕೇ ಬಿಟ್ಟೆ.

ಕಾಫಿಯನ್ನು ಮಹಡಿಗೆ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ.

ಮೇ 11, ಶನಿವಾರ

ಬಟ್ಟೆಯ ಬುಟ್ಟಿ ನಾನೇ ಇಳಿಸಿದೆ. ಬೀದಿಯಿಂದ ಸಾಮಾನು ನಾನೇ ತಂದೆ. ಮೂವತ್ತೆಂಟು ಮೆಟ್ಟಿಲು ಎಂದು ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿದ್ದೆ. ಅದು ಬಹಳ. ಮಧ್ಯೆ ಎರಡು ಕಡೆ ಕೂತೆ.

ರಾತ್ರಿಯ ಊಟಕ್ಕೆ ಮಾಂಸ, ಆಲೂಗಡ್ಡೆ ಒಟ್ಟಿಗೆ ಬೇಯಿಸಿದ ಹಾಟ್‌ಡಿಶ್. ಮಾರ್ಲಿಸ್ ತನ್ನ ತಂಗಿಯ ಮಗಳ ವಿಷಯ ಹೇಳಿದಳು. ನಾನು ಅವಳ ಎದುರಿಗೇ ಕೂತು ತುಟಿ ನೋಡುತ್ತಿದ್ದೆ. ಆ ಹುಡುಗಿಗೆ ಮದುವೆ ನಿಶ್ಚಯವಾಗಿ, ಮುರಿದು, ಇನ್ನೊಬ್ಬನ ಜೊತೆ ನಿಶ್ಚಯವಾಗಿದೆಯಂತೆ. ಇದೆಲ್ಲ ಆದದ್ದು ಜನವರಿಯಲ್ಲಿ. ಜನವರಿಯಲ್ಲೇ ನನಗೆ ಹೇಳಿದ್ದಳಂತೆ.

ನೆಲಮಾಳಿಗೆಗೆ ಇಳಿಯಲಿಲ್ಲ.

ಮೇ 15, ಬುಧವಾರ

ಗಡುವು. ಮೂರು ತಟ್ಟೆಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಹೋದೆ. ಮಾರ್ಲಿಸ್ ಮೇಜಿನ ಮುಂದೆ ಕೂತು ಚಮಚಗಳನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದಳು. ನಾನು ಎದುರಿನ ಕುರ್ಚಿ ಎಳೆದುಕೊಂಡೆ.

“ಅವತ್ತು ಮೂರನ್ನೂ ಹಾಕಿದ್ದೆ ನೀನು.”

“ವರ್ಲಿನ್ ಬಾಯಿ ಬಿಟ್ನಾ?”

“ಒಳಚೀಲ ಹೇಳ್ತು. ಬಾಯಿ ಪಕ್ಕಕ್ಕಿತ್ತು.”

“ಥೂ, ಆ ದರಿದ್ರದ ಚೀಲ” ಎಂದಳು.

“ಯಾಕೆ ಸುಳ್ಳು ಹೇಳಿದೆ ಮಾರ್ಲಿಸ್?”

ಅವಳು ಒಂದು ಚಮಚವನ್ನು ಎರಡು ಸಲ ಸುತ್ತಿದಳು. “ನೀನು ಟವೆಲ್ ಕಿತ್ತಾಗ ನಿನ್ನ ಮುಖ ನೋಡಿದೆ. ಅಷ್ಟು ಧೈರ್ಯವಾಗಿ ಅಂದೆಯಲ್ಲ, ನೀನು ಒಂದನ್ನೇ ಹಾಕಿದ್ದೀಯ ಅಂತ. ವರ್ಲಿನ್ ಎದುರಿಗೆ ಇಲ್ಲ ಅಂತ ಹೇಗೆ ಹೇಳಲಿ? ಊರಲ್ಲಿ ನಿನಗಿರೋದು ಅದೊಂದು ಹೆಸರು. ಅದನ್ನ ನಾನು ಕಿತ್ಕೊಳ್ಳಲಾ?”

“ನಿನಗೆ ಯಾವಾಗಿಂದ ಗೊತ್ತು?”

“ಎರಡು ವರ್ಷ ಆಯ್ತು. ಹೇಳಿದ್ದೆ. ನಾಲ್ಕು ಸಲ ಹೇಳಿದ್ದೆ. ನಿನ್ನ ಬೆನ್ನಿಗೆ.”

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಸರಿಯಾಗಿ ತಿಳಿಯಲಿಲ್ಲ. ಎರಡೂ ಇರಬೇಕು. ಮೂರು ತಟ್ಟೆಗಳನ್ನೂ ಅವಳ ಮುಂದಿಟ್ಟೆ.

“ನೀನೇ ಆರಿಸು. ಈ ಮನೇಲಿ ಕಿವಿ ಇರೋದು ನಿನಗೇ.”

“ನಾನು ಆರಿಸಿದ್ದಕ್ಕೆ ಆಮೇಲೆ ಗೊಣಗಬಾರದು.”

“ಗೊಣಗಲ್ಲ.”

ಅವಳು ಎದ್ದು ಫ್ರಿಜ್ಜಿನ ಪಕ್ಕದ ಬೀರುವಿಗೆ ಹೋದಳು. ಅಲ್ಲಿದ್ದ ಹಳೆಯ ಪೆಟ್ಟಿಗೆಯಾಕಾರದ ರೆಕಾರ್ಡು ಪ್ಲೇಯರಿನ ಹಿಂದಿನಿಂದ ಕ್ಲಬ್ ಪ್ರತಿಯನ್ನು ತೆಗೆದು ತಂದಳು. ಕವರಿನ ಮೇಲೆ, ಪೇಟನ್‌ನ ಹಣೆಗೆ ಸರಿಯಾಗಿ, ಕಾಫಿ ಲೋಟದ ದುಂಡು ಕಲೆ.

“ಅದು ಕ್ಲಬ್‌ದು” ಎಂದೆ.

“ಗೊಣಗಲ್ಲ ಅಂದೆ.”

“ಗೊಣಗ್ತಿಲ್ಲ. ಯಾಕೆ ಅಂತ ಕೇಳ್ತಿದ್ದೀನಿ.”

“ಇದು ಕೆಟ್ಟ ಅಚ್ಚು ಅಂತ ಇದನ್ನ ಹಾಕಿದಾಗ ನೀನು ಪುಸ್ತಕ ಹಿಡ್ಕೊಂಡು ಕೂರ್ತಿರಲಿಲ್ಲ ಆರ್ವಿಡ್. ಇಲ್ಲೇ ನಿಂತು ಪಾತ್ರೆ ಒರೆಸ್ತಿದ್ದೆ. ಧಕ್ಕೆಯಲ್ಲಿ ಏನಾಯ್ತು, ಯಾರು ನೀರಿಗೆ ಬಿದ್ದ, ಎಲ್ಲ ಹೇಳ್ತಿದ್ದೆ. ನನ್ನ ಮಾತೂ ಕೇಳಿಸ್ಕೋತಿದ್ದೆ. ಒಳ್ಳೇ ಅಚ್ಚು ಹಾಕಿದಾಗೆಲ್ಲ ‘ಶ್‌’ ಅಂತಿದ್ದೆ.”

ಅದು ನಿಜ.

ಕವರಿನ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, “ಅದರಲ್ಲಿ ಒಂದೇ ಟಿಂಗ್ ಇರೋದು” ಎಂದೆ.

“ಕೊನೇವರೆಗೂ ಯಾವತ್ತಾದ್ರೂ ಕೇಳಿದ್ದೀಯಾ?”

“ಇಲ್ಲ.”

ಅವಳು ಪೆನ್ನು ತೆಗೆದು ಒಂದು ಖಾಲಿ ಪೆಟ್ಟಿಗೆಯ ಮೇಲೆ ‘ಆ’ ಎಂದು ಬರೆದಳು.

ಮೇ 22, ಬುಧವಾರ

ಕಿವಿಯ ಡಾಕ್ಟರು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಹಳ ಹೊತ್ತು ಒತ್ತಲು ಏನೂ ಸಿಗಲಿಲ್ಲ. ಆಮೇಲೆ ಒಂದು ಕಾಗದ ತೋರಿಸಿದರು: ಕಾಗದದ ಎಡಗಡೆ ದಪ್ಪ ಸದ್ದು, ಬಲಗಡೆ ಸಣ್ಣ ಸದ್ದು; ಗೆರೆ ಎಡಗಡೆ ಚೆನ್ನಾಗಿ ಹೊರಟು, ಅರ್ಧಕ್ಕೆ ಬರುತ್ತಲೇ ಕೆಳಗೆ ಬೀಳುತ್ತದೆ. ಹಡಗಿನ ಕೊಂಬು ಎಡಗಡೆ ಇದೆ. ಉಳಿದದ್ದೆಲ್ಲ ಬಲಗಡೆ.

ಕಿವಿಗೆ ಹಾಕುವ ಯಂತ್ರ ಜೂನ್ ಕೊನೆಗೆ ಬರುತ್ತದಂತೆ. ತ್ರಿಕೋಣದ ಮೂರನೇ ಟಿಂಗ್ ಅದರಲ್ಲಿ ಕೇಳುತ್ತದೆಯೇ ಎಂದು ಕೇಳಿದೆ. ಡಾಕ್ಟರು ಮಾರ್ಲಿಸಳನ್ನು ನೋಡಿದರು. “ಇವರಿಗೆ ನಾನು ಆಮೇಲೆ ಹೇಳ್ತೀನಿ” ಎಂದಳು ಅವಳು.

ಬರುವಾಗ ವರ್ಲಿನ್ ಅಂಗಡಿಗೆ ಹೋಗಿ ಹನ್ನೊಂದನ್ನೂ ಕೊಟ್ಟೆ. ಲಂಗರಿನದನ್ನೂ. ಅವನು ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡು, “ಯಾವಾಗ ಬೇಕಾದ್ರೂ ವಾಪಸ್ ತಗೋ ಕಣೋ” ಎಂದ. ಒಳಚೀಲದ ಬಾಯಿ ಮೇಲಕ್ಕಿಡು ಎಂದಷ್ಟೇ ಹೇಳಿ ಬಂದೆ.

ಮೇ 30, ಗುರುವಾರ

ನಾಳೆ ಸಾಗಾಟದ ಗಾಡಿ ಬರುತ್ತದೆ. ಅಡುಗೆಮನೆಯಲ್ಲಿ ಉಳಿದದ್ದು ಎರಡು ಕುರ್ಚಿ, ಕೆಟಲ್, ಪೆಟ್ಟಿಗೆ ಪ್ಲೇಯರು.

ಬೆಳಗ್ಗೆ ಮಾರ್ಲಿಸ್ ನನ್ನ ತೋಳು ಹಿಡಿದು ಕಿಟಕಿಯ ಬಳಿ ನಿಲ್ಲಿಸಿದಳು. ಕಾಡುಸೇಬು ಮೈತುಂಬ ಹೂ ಬಿಟ್ಟಿದೆ. ಅದರ ತುಂಬ ವ್ಯಾಕ್ಸ್‌ವಿಂಗ್‌ಗಳು, ನಲವತ್ತಾದರೂ ಇರಬೇಕು, ಹೂವಿನ ಎಸಳು ಕಿತ್ತು ತಿನ್ನುತ್ತಿವೆ. ಕೊಕ್ಕುಗಳು ತೆರೆದು ಮುಚ್ಚಿ ತೆರೆದು ಮುಚ್ಚಿ ಆಗುತ್ತಿದ್ದವು. ನಾನು ಇಷ್ಟು ವರ್ಷ ಅವುಗಳನ್ನು ನೆಲಮಾಳಿಗೆಯ ಕಿಂಡಿಯಿಂದ ಕೇಳಿದ್ದೆನೇ ಹೊರತು ಸರಿಯಾಗಿ ನೋಡಿರಲಿಲ್ಲ. ಬಾಲದ ತುದಿಯಲ್ಲಿ ಹಳದಿ ಪಟ್ಟಿ ಇದೆ.

“ಜೋರಾಗಿ ಕೂಗ್ತಿವೆಯಾ?” ಎಂದೆ.

“ತಲೆ ಹೋಗೋ ಹಾಗೆ” ಎಂದಳು.

ಪತ್ರಿಕೆಗೆ ತಿದ್ದುಪಡಿ ಬರೆಯಬೇಕು.

ಆಮೇಲೆ ಅವಳು ಕ್ಲಬ್ ಪ್ರತಿಯನ್ನು ಹಾಕಿದಳು. ಎರಡನೇ ಬದಿ, ಮೊದಲಿನಿಂದ ಕೊನೆಯವರೆಗೆ. ನಾನು ಉಳಿದ ಎರಡು ಲೋಟ ಒರೆಸಿದೆ. ಪೇಟನ್ ಕಂಬಳಿಯೊಳಗಿಂದಲೇ ಹಾಡಿದ. ನಾನೂ ಜೊತೆಗೆ ಹಾಡಿದೆನಂತೆ, ಅವಳು ಹೇಳಿದಳು. ಕೊನೆಯ ಹಾಡಿಗೆ ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನನ್ನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಗಿಟಾರು ನಿಂತಿತು. ಆಮೇಲೆ ಏನೂ ಇಲ್ಲ.

ಅವಳು ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿದಳು. ಸ್ವಲ್ಪ ತಡೆದು ಇನ್ನೊಂದು ಸಲ, ಮೆಲ್ಲಗೆ. ನಾನು ಕೈ ತೆಗೆಯಲು ಹೋದೆ. ಅವಳು ಬಿಡಲಿಲ್ಲ, ಕಣ್ಣು ಮುಚ್ಚಿ ಕಿವಿಗೊಟ್ಟು ಕಾದಳು. ಆಮೇಲೆ ಮೂರನೆಯ ಸಲ, ಮುಟ್ಟಿಯೂ ಮುಟ್ಟದಷ್ಟು.

‘ಸ್ಲೋ ಫೆರ್ರಿ’, ಕ್ಲಬ್ ಪ್ರತಿ, ಎರಡನೇ ಬದಿ, ಕೊನೆಯ ಹಾಡು. ಟಿಂಗ್: ಮೂರು.